ಟಗರಿನ ಬೀಜ ಪರೀಕ್ಷೆ ಮತ್ತು 60 ದಿನದ ನಿಯಮ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಸಂಘದ ದೊಡ್ಡಿಯಿಂದ ಹೊರಡುವ ಪ್ರತಿ ಬನ್ನೂರು ತಳಿಯ ಟಗರಿಗೂ ಬೀಜದ (ವೃಷಣದ) ಪರೀಕ್ಷೆ ಆಗಿರುತ್ತದೆ. ಜ್ವರ ಬಂದು ಹೋದ ಟಗರನ್ನು 60 ದಿನ ಯಾರಿಗೂ ಕೊಡುವುದಿಲ್ಲ. ಒಂದೇ ಬೀಜ ಚೀಲಕ್ಕೆ ಇಳಿದಿರುವ ಟಗರನ್ನು ತಳಿಗೆ ಕೊಡುವುದೇ ಇಲ್ಲ. ತಳಿಗೆ ಒಯ್ಯುವ ಟಗರಿನ ಬಾಡಿಗೆ 3,000 ರೂಪಾಯಿಯಿಂದ 3,600 ಆಗುತ್ತದೆ.

ಈ ಸುದ್ದಿ ಬಾಯಿಂದ ಬಾಯಿಗೆ ಆಗಲೇ ಹರಡಿದೆ. ಎರಡು ವಾರದಿಂದ ಫೋನು ಸುಮ್ಮನಾಗಿಲ್ಲ. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪು. ಕಳೆದ ಬೇಸಿಗೆಯಲ್ಲಿ ಒಂದು ಟಗರಿಗೆ ನಾಲ್ಕು ದಿನ ಜೋರು ಜ್ವರ ಬಂದಿತ್ತು. ಔಷಧಿ ಕೊಟ್ಟೆವು, ವಾಸಿಯಾಯಿತು, ಮೊದಲಿನಂತೆ ಮೇಯತೊಡಗಿತು. 20 ದಿನ ಬಿಟ್ಟು ಅದನ್ನು ನಮ್ಮ ಹಳೆಯ ಗ್ರಾಹಕರೊಬ್ಬರ ಹಿಂಡಿಗೆ ಕಳಿಸಿದೆವು. 28 ಕುರಿ. ಅವರು ಅಚ್ಚುಕಟ್ಟಿನ ಮನುಷ್ಯರು. ಟಗರು ಹಾರಿದ (ಕೂಡಿದ) ಕುರಿಯ ಬೆನ್ನಿಗೆ ಬಣ್ಣ ಹತ್ತಲಿ ಅಂತ ಅದರ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿದು ಬಿಟ್ಟಿದ್ದರು. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ ಅಲ್ವಾ, ಹಾಗಾಗಿ 17 ದಿನ ಕಳೆದ ಮೇಲೆ ಬಣ್ಣ ಬದಲಿಸಿ ನೀಲಿ ಬಳಿದರು. ಮತ್ತೆ 22 ಕುರಿಗಳ ಬೆನ್ನಿನ ಮೇಲೆ ನೀಲಿ ಬಿತ್ತು. ಅಂದರೆ ಮೊದಲ ಸಲ ಅವು ಗಬ್ಬ ನಿಂತಿರಲಿಲ್ಲ. ಎರಡನೇ ಸಲವೂ ಹೆಚ್ಚಿನವು ನಿಲ್ಲಲಿಲ್ಲ. ಒಂದು ಇಡೀ ಸೂಲು ಹೋಯಿತು. ಅವರ ಕ್ಷಮೆ ಮನೆಗೇ ಹೋಗಿ ಕೇಳಿದ್ದೇವೆ, ಇಲ್ಲಿ ಎಲ್ಲರ ಮುಂದೆ ಮತ್ತೊಮ್ಮೆ ಕೇಳುತ್ತೇವೆ.

ಈಗ ಎಲ್ಲರೂ ಹೇಳುತ್ತಿರುವ ಮಾತಿಗೆ ಬರೋಣ. "ಟಗರು ಕಲ್ಲಿನ ಹಾಗಿದೆ, ಕುರಿ ಕಂಡರೆ ಹಾರುತ್ತದೆ. ಅದನ್ನು ಎರಡು ತಿಂಗಳು ಯಾಕೆ ಕೂಡಿ ಹಾಕ್ತೀರಿ? ಬಕ್ರೀದ್‌ಗೆ ರೇಟು ಏರಲಿ ಅಂತ ತಾನೇ?"

ಈ ಮಾತು ನಮಗೆ ನಿಜಕ್ಕೂ ನೋವು ತಂದಿದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಟಗರು ಹಾರುವುದು ಬೇರೆ, ಅದರ ವೀರ್ಯದಲ್ಲಿ ಜೀವ ಇರುವುದು ಬೇರೆ. ಎರಡೂ ಬೀಜದಿಂದಲೇ ಬಂದರೂ ಒಳಗೆ ಅವಕ್ಕೆ ಬೇರೆ ಬೇರೆ ಜಾಗ. ಹಾರುವ ಹುರುಪು ಕೊಡುವ ಹಾರ್ಮೋನು ಒಂದು ಬಗೆಯ ಜೀವಕೋಶಗಳಲ್ಲಿ ಆಗುತ್ತದೆ. ವೀರ್ಯಾಣು ಆಗುವುದು ಕೂದಲಿನಷ್ಟು ಸಣ್ಣ ನಳಿಗೆಗಳಲ್ಲಿ. ಮೊದಲನೆಯದು ಬಿಸಿ ತಡೆಯುತ್ತದೆ, ಎರಡನೆಯದು ತಡೆಯುವುದಿಲ್ಲ. ಅದಕ್ಕೇ ಎರಡೂ ಬೀಜ ಹೊಟ್ಟೆಯೊಳಗೇ ಉಳಿದ ಟಗರು ಕೂಡ ಚೆನ್ನಾಗಿ ಹಾರುತ್ತದೆ, ಆದರೆ ಒಂದು ಕುರಿಯನ್ನೂ ಗಬ್ಬ ನಿಲ್ಲಿಸುವುದಿಲ್ಲ.

ಬೀಜದ ಚೀಲ ಮೈಯಿಂದ ಹೊರಗೆ ತೂಗುವುದೂ ಇದಕ್ಕೇ. ಟಗರಿನ ಮೈ ಬಿಸಿ ಸುಮಾರು 39 ಡಿಗ್ರಿ ಸೆಲ್ಸಿಯಸ್. ಬೀಜಕ್ಕೆ ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪು ಬೇಕು. ಮಧ್ಯಾಹ್ನದ ಬಿಸಿಲಿಗೆ ಚೀಲ ಜೋತು ಬೀಳುತ್ತದೆ, ಬೆಳಗಿನ ಚಳಿಗೆ ಮೇಲೆ ಸರಿಯುತ್ತದೆ, ನೀವೇ ನೋಡಿರುತ್ತೀರಿ. ಒಳಗೆ ಇನ್ನೊಂದು ಏರ್ಪಾಡಿದೆ. ಬೀಜಕ್ಕೆ ಇಳಿಯುವ ರಕ್ತನಾಳದ ಸುತ್ತ ವಾಪಸು ಹೋಗುವ ನಾಳಗಳು ಬಳ್ಳಿಯ ಹಾಗೆ ಹೆಣೆದುಕೊಂಡಿರುತ್ತವೆ. ಮೇಲೆ ಹೋಗುವ ತಂಪು ರಕ್ತ, ಕೆಳಗೆ ಬರುವ ಬಿಸಿ ರಕ್ತವನ್ನು ದಾರಿಯಲ್ಲೇ ಆರಿಸುತ್ತದೆ. ಜೋರು ಜ್ವರ ಬಂದರೆ ಈ ಏರ್ಪಾಡು ಸಾಲುವುದಿಲ್ಲ.

ಒಂದು ವೀರ್ಯಾಣು ತಯಾರಾಗಲು ಟಗರಿನಲ್ಲಿ ಸುಮಾರು 49 ದಿನ ಬೇಕು. ಆಮೇಲೆ ಬೀಜಕ್ಕೆ ಅಂಟಿಕೊಂಡ, ಬಿಚ್ಚಿದರೆ ಹತ್ತಾರು ಮೀಟರ್ ಉದ್ದ ಬರುವ ಒಂದು ಸುರುಳಿ ನಾಳದಲ್ಲಿ ಅದು ಬಲಿಯಬೇಕು. ಅದಕ್ಕೆ ಹತ್ತು ಹನ್ನೆರಡು ದಿನ. ಒಟ್ಟು 60. ಜ್ವರದಲ್ಲಿ ಕೆಟ್ಟದ್ದೆಲ್ಲ ಹೊರಗೆ ಹೋಗಿ ಹೊಸದು ಬರಲು ಇಷ್ಟು ದಿನ ಕಾಯಲೇಬೇಕು. ಇದರಲ್ಲಿ ಬಕ್ರೀದ್ ಲೆಕ್ಕ ಇಲ್ಲ. ತಡೆದಿಟ್ಟ ಟಗರುಗಳ ಕಿವಿ ನಂಬರನ್ನು ದೊಡ್ಡಿಯ ಬಾಗಿಲ ಹಲಗೆಯಲ್ಲಿ ಬರೆದಿದ್ದೇವೆ. ಹಬ್ಬ ಕಳೆದ ಮೇಲೆ ಬಂದು ಎಣಿಸಿ. ಒಂದು ಕಡಿಮೆಯಾಗಿದ್ದರೂ ನಮ್ಮನ್ನು ಕೇಳಿ.

ಖರ್ಚಿನ ಮಾತೂ ಆಡಲೇಬೇಕು, ಯಾಕಂದರೆ "ಬೀಜ ಮುಟ್ಟಿ ನೋಡೋಕೆ 600 ರೂಪಾಯಾ?" ಅಂತ ಕೇಳಿದವರಿದ್ದಾರೆ. ತಡೆದಿಟ್ಟ ಒಂದು ಟಗರಿಗೆ ಹಿಂಡಿ, ಹುರುಳಿ, ಸೊಪ್ಪು, ಒಣ ಹುಲ್ಲು ಸೇರಿ ದಿನಕ್ಕೆ 45 ರೂಪಾಯಿ. 60 ದಿನಕ್ಕೆ 2,700. ಆ ಎರಡು ತಿಂಗಳು ಅದರಿಂದ ಒಂದು ರೂಪಾಯಿ ಬಾಡಿಗೆ ಬರುವುದಿಲ್ಲ. ಪಶುವೈದ್ಯರು ಬಂದು ಹೋಗುವ ಖರ್ಚು ಬೇರೆ. ವೀರ್ಯ ನೋಡುವ ಸೂಕ್ಷ್ಮದರ್ಶಕಕ್ಕೆ ಸಂಘದ ಸದಸ್ಯರೇ ಕೈಯಿಂದ ಹಣ ಹಾಕಿದ್ದಾರೆ, ಅದನ್ನು ನಿಮ್ಮ ಬಾಡಿಗೆಗೆ ಸೇರಿಸಿಲ್ಲ. ಹಿಂಡಿಯ ಬೆಲೆ ಏರಿದ್ದು ನಮ್ಮಿಂದಲ್ಲ. ಒಂದು ಬೀಜದ ಟಗರುಗಳನ್ನು ಹಿಡ ಮಾಡಿಸಿ (ಬೀಜ ತೆಗೆಸಿ) ಮಾಂಸಕ್ಕೆ ಕೊಡುತ್ತಿದ್ದೇವೆ. ಅಲ್ಲಿ ಪ್ರತಿ ಟಗರಿಗೂ ನಷ್ಟ ನಮ್ಮದೇ. ಆದರೂ ಸರಿ. ಒಂದು ಬೀಜದ ಟಗರಿನಿಂದ ಕುರಿ ಗಬ್ಬ ನಿಲ್ಲಬಹುದು, ಆದರೆ ಆ ದೋಷ ಮರಿಗಳಿಗೂ ಇಳಿಯಬಹುದು. ಬನ್ನೂರು ತಳಿಯನ್ನು ಕೈಯಾರೆ ಕೆಡಿಸುವ ಕೆಲಸ ನಮ್ಮಿಂದ ಆಗದು.

"ಮುಟ್ಟಿ ನೋಡೋದು" ಅಂದರೆ ಏನು ಅಂತಲೂ ಹೇಳುತ್ತೇವೆ. ಟಗರನ್ನು ನಿಲ್ಲಿಸಿ, ಹಿಂದೆ ಕೂತು, ಎರಡೂ ಬೀಜ ಅಂಗೈಗೆ ತೆಗೆದುಕೊಳ್ಳುತ್ತೇವೆ. ಎರಡೂ ಒಂದೇ ಗಾತ್ರ ಇರಬೇಕು, ಚೀಲದೊಳಗೆ ಸಲೀಸಾಗಿ ಜಾರಬೇಕು. ಒತ್ತಿದರೆ ಬಿಗಿ ಹಿಡಿದ ತೋಳಿನ ಹಾಗೆ ಪುಟಿಯಬೇಕು. ಆ ಜ್ವರದ ಟಗರಿನದನ್ನು ಆಮೇಲೆ ಹಿಡಿದು ನೋಡಿದಾಗ ಹಣ್ಣು ಟೊಮೆಟೊ ಹಾಗೆ ಒತ್ತಿದಲ್ಲೇ ತಗ್ಗುತ್ತಿತ್ತು. ಕಳಿಸುವ ಮುಂಚೆ ಎರಡು ನಿಮಿಷ ಕೈ ಇಟ್ಟಿದ್ದರೆ ಸಾಕಿತ್ತು. ಬೀಜದ ತುದಿಯಲ್ಲಿ ಒಂದು ಗಟ್ಟಿ ಗುಬುಟು ಸಿಗುತ್ತದೆ. ಅದು ಗಂಟಲ್ಲ, ವೀರ್ಯ ಕೂಡಿಡುವ ಜಾಗ, ಇರಲೇಬೇಕು. ಒಂದು ಕಡೆಯದು ಮಾತ್ರ ಊದಿಕೊಂಡು ನೋಯುತ್ತಿದ್ದರೆ ಸೋಂಕಿನ ಗುಮಾನಿ, ಆಗ ವೈದ್ಯರಿಗೆ ಬಿಡುತ್ತೇವೆ. ಆಮೇಲೆ ಟೇಪಿನಲ್ಲಿ ಸುತ್ತಳತೆ. ವಿದೇಶಿ ದೊಡ್ಡ ತಳಿಗಳ ಅಳತೆ ನಮ್ಮ ಗಿಡ್ಡ ಬನ್ನೂರಿಗೆ ಸಲ್ಲದು. ಅದಕ್ಕೆ ಅದೇ ವಯಸ್ಸಿನ ನಮ್ಮ ಟಗರುಗಳ ಜೊತೆಗೇ ಹೋಲಿಸುತ್ತೇವೆ. ಕೊನೆಗೆ ವೈದ್ಯರು ವೀರ್ಯ ನೋಡುತ್ತಾರೆ.

ಒಂದು ಕೋರಿಕೆ. ಬಾಡಿಗೆಗೆ ಒಯ್ದ ಟಗರಿಗೆ ಪ್ರೀತಿ ಜಾಸ್ತಿಯಾಗಿ ಜೋಳ, ಬೂಸಾ ಸುರಿಯಬೇಡಿ. ಟಗರಿನ ಮೂತ್ರನಾಳ ದಾರಿಯಲ್ಲಿ ಎರಡು ಕಡೆ ಬಾಗುತ್ತದೆ, ತುದಿಯಲ್ಲಿ ಎರೆಹುಳದ ಹಾಗೆ ಮೂರ್ನಾಲ್ಕು ಸೆಂಟಿಮೀಟರ್ ಎಳೆಯಾಗುತ್ತದೆ. ಕಾಳು ಜಾಸ್ತಿಯಾದರೆ ಆಗುವ ಹರಳು ಈ ಎರಡು ಜಾಗದಲ್ಲೇ ಸಿಕ್ಕಿಕೊಳ್ಳುವುದು. ಮೂತ್ರಕ್ಕೆ ನಿಂತು ತಿಣುಕುತ್ತಿದ್ದರೆ, ಹನಿ ಹನಿ ಬರುತ್ತಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ವೈದ್ಯರನ್ನು ಕರೆಸಿ, ನಮಗೂ ಫೋನು ಮಾಡಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬಾಡಿಗೆಯೇ. ಅವರ ಟಗರಿಗೂ ಪರೀಕ್ಷೆ ಆಗುತ್ತದೆ. ಕಾಯಲು ಆಗದವರಿಗೆ ಮುಂಗಡ ಪೂರ್ತಿ ವಾಪಸು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಆ 28 ಕುರಿಯ ಹಿಂಡಿಗೆ ಈ ಸಲ ಪರೀಕ್ಷೆ ಮುಗಿದ ಟಗರು ಬಾಡಿಗೆ ಇಲ್ಲದೆ ಹೋಗುತ್ತಿದೆ. ಪರೀಕ್ಷೆ ಸೋಮವಾರ ಬೆಳಗ್ಗೆ 7 ಗಂಟೆಗೆ, ಬಿಸಿಲೇರುವ ಮೊದಲು. ಬನ್ನಿ, ನಿಮ್ಮ ಟಗರನ್ನು ನೀವೇ ಹಿಡಿದುಕೊಳ್ಳಿ, ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ ಒಯ್ಯಿರಿ.

ನಿಮ್ಮ,
ಸಂಘದ ಕಾರ್ಯದರ್ಶಿ ಮತ್ತು ದೊಡ್ಡಿಯ ಎಲ್ಲರೂ