ಟನ್ ನಂಬಬೇಡ, ಲೆಕ್ಕ ಕೇಳು

ಚಿಕ್ಕಮಗಳೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಾಸನದಲ್ಲಿ ಕಟ್ಟಿಸುತ್ತಿರುವ ಕಟ್ಟಡದ ಬಗ್ಗೆ ನೀನು ಕಳುಹಿಸಿದ ನಕ್ಷೆಗಳು, ಅದರ ಎಸಿಗೆ ಮೂರು ಕಂಪನಿಗಳು ಕೊಟ್ಟ ಕೊಟೇಶನ್‌ಗಳು ಎಲ್ಲವನ್ನೂ ನೋಡಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾಳೆ ನೀನು ಆ ಎಂಜಿನಿಯರ್‌ಗಳ ಎದುರು ಕೂತು ಒಂದೊಂದಾಗಿ ಪ್ರಶ್ನೆ ಕೇಳಬೇಕಾಗುತ್ತದೆ, ಆಗ ಕಾಗದದಲ್ಲಿದ್ದರೆ ಅನುಕೂಲ.

ಮೂವರ ಕೊಟೇಶನ್‌ನಲ್ಲೂ ಬ್ರ್ಯಾಂಡ್ ಬೇರೆ, ಬೆಲೆ ಬೇರೆ. ಟನ್, ಅಂದರೆ ಎಸಿಯ ತಣಿಸುವ ಸಾಮರ್ಥ್ಯದ ಅಳತೆ, ಮಾತ್ರ ಒಂದೇ, 80. ಇದು ಹೇಗೆ ಬಂತು ಎಂದು ಹೇಳುತ್ತೇನೆ. ನಿನ್ನ ಕಟ್ಟಡದ ನಾಲ್ಕು ಅಂತಸ್ತು ಸೇರಿ ಎಂಟು ಸಾವಿರ ಚದರ ಅಡಿ. ನೂರು ಅಡಿಗೆ ಒಂದು ಟನ್ ಎಂದು ಭಾಗಿಸಿದ್ದಾರೆ, ಅಷ್ಟೇ. ಗೋಡೆ ಯಾವ ದಿಕ್ಕಿಗಿದೆ, ಒಳಗೆ ಎಷ್ಟು ಜನ ಕೂರುತ್ತಾರೆ, ಕಟ್ಟಡ ಹಾಸನದಲ್ಲಿದೆಯೋ ಬಳ್ಳಾರಿಯಲ್ಲಿದೆಯೋ, ಯಾವುದನ್ನೂ ಯಾರೂ ಕೇಳಿಲ್ಲ. ಮೂವರೂ ಒಂದೇ ಅಂಕಿ ಹೇಳಿದ್ದರಿಂದ ಅದು ಸರಿಯಿರಬೇಕು ಎಂದು ನೀನು ಬರೆದಿದ್ದೀಯ. ಮೂವರೂ ಲೆಕ್ಕ ಮಾಡಿಲ್ಲ ಎನ್ನುವುದಕ್ಕೆ ಅದೇ ಪುರಾವೆ.

ಎರಡನೇ ಮಹಡಿಯ ಕೋಚಿಂಗ್ ತರಗತಿಯನ್ನೇ ತೆಗೆದುಕೊ. ಎಂಟುನೂರು ಅಡಿಯ ಕೋಣೆ, ನಲವತ್ತು ಮಕ್ಕಳು, ನಲವತ್ತು ಕಂಪ್ಯೂಟರ್. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 120 ವಾಟ್ ಶಾಖ ಹೊರಬೀಳುತ್ತದೆ. ನಲವತ್ತು ಜನಕ್ಕೆ 4.8 ಕಿಲೋವಾಟ್. ಕಂಪ್ಯೂಟರ್‌ಗೆ ನೂರು ವಾಟ್ ಹಿಡಿದರೆ 4 ಕಿಲೋವಾಟ್. ಎಲ್‌ಇಡಿ ದೀಪಗಳಿಗೆ ಅರ್ಧ. ಹೊರಗಿನಿಂದ ತರಬೇಕಾದ ತಾಜಾ ಗಾಳಿಯನ್ನು ತಂಪು ಮಾಡಲು ಏಪ್ರಿಲ್ ಮಧ್ಯಾಹ್ನ ಸುಮಾರು 4. ಕಿಟಕಿಗೆ ನೆರಳಿದ್ದರೆ ಗೋಡೆ, ಕಿಟಕಿ ಸೇರಿ 3. ಒಟ್ಟು ಹದಿನಾರು ಚಿಲ್ಲರೆ ಕಿಲೋವಾಟ್. ಒಂದು ಟನ್ ಎಂದರೆ ಮೂರೂವರೆ ಕಿಲೋವಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಭಾಗಿಸು: ಐದು ಟನ್‌ಗೂ ಒಳಗೇ ಬರುತ್ತದೆ. ಅವರು ಬರೆದಿರುವುದು ಎಂಟು. ಅದೂ ಕಟ್ಟಡದಲ್ಲಿ ಜನ ಕಿಕ್ಕಿರಿಯುವ ಕೋಣೆಯ ಲೆಕ್ಕ ಇದು. ಉಳಿದ ಕಡೆ ವ್ಯತ್ಯಾಸ ಇನ್ನೂ ಹೆಚ್ಚು. ಇಡೀ ಕಟ್ಟಡಕ್ಕೆ ನನ್ನ ಅಂದಾಜು ನಲವತ್ತನ್ನು ದಾಟುವುದಿಲ್ಲ. ನನ್ನ ಅಂದಾಜನ್ನೂ ನಂಬಬೇಡ. ಕೋಣೆಕೋಣೆಗೂ ಹೀಗೆ ಬಿಡಿಸಿದ ಶಾಖದ ಲೆಕ್ಕವನ್ನು ಬರೆದುಕೊಡಿ, ಕೊಡದಿದ್ದರೆ ಬೆಲೆಯ ಮಾತು ಬೇಡ ಎಂದು ಮೂವರಿಗೂ ಹೇಳು.

ಹೆಚ್ಚಿದ್ದರೆ ನಷ್ಟವೇನು, ಬೇಸಗೆಗೆ ಇರಲಿ ಎನ್ನುತ್ತಾರೆ. ಹಾಸನಕ್ಕೆ ಬಡವರ ಊಟಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸಮುದ್ರಮಟ್ಟದಿಂದ 950 ಮೀಟರಿಗೂ ಮೇಲಿರುವ ಊರು; ಬಿರುಬೇಸಗೆಯಲ್ಲೂ 35 ಡಿಗ್ರಿ ದಾಟುವ ಮಧ್ಯಾಹ್ನಗಳು ಕಡಿಮೆ, ರಾತ್ರಿ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ನಿನ್ನ ಊರಿನ ನಿಜವಾದ ತಲೆನೋವು ಸೆಕೆಯಲ್ಲ, ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ಕಡೆಯಿಂದ ಮೋಡ ಕವಿದು ಜಿಟಿಜಿಟಿ ಹಿಡಿದಾಗ ಹೊರಗೆ 23 ಡಿಗ್ರಿ ಇರುತ್ತದೆ, ಒಳಗೆ ಗಾಳಿ ಒದ್ದೆ. ಅಂಥ ದಿನ ದೊಡ್ಡ ಯಂತ್ರ ಹಾಕಿದರೆ ಕೋಣೆ ಐದೇ ನಿಮಿಷದಲ್ಲಿ ತಣ್ಣಗಾಗುತ್ತದೆ, ಕಂಪ್ರೆಸರ್ ನಿಂತುಬಿಡುತ್ತದೆ. ತೇವ ಹಿಂಡಲು ತಂಪು ಸುರುಳಿಯ ಮೇಲೆ ಗಾಳಿ ಬಹಳ ಹೊತ್ತು ಹಾಯಬೇಕು. ಅದಕ್ಕೆ ವ್ಯವಧಾನವೇ ಸಿಗುವುದಿಲ್ಲ. ಕೋಣೆ ಚಳಿಚಳಿ, ಗಾಳಿ ತೇವ. ಬಟ್ಟೆ ಅಂಗಡಿಯಲ್ಲಿ ರೇಷ್ಮೆ ಸೀರೆಯ ಮಡಿಕೆಗೆ ಮುಗ್ಗಲು ವಾಸನೆ ಬರುವುದು ಹೀಗೆ. ನಿನ್ನ ನೆಲಮಹಡಿಗೆ ಬರುವವರು ಬಟ್ಟೆಯವರೇ ಅಲ್ಲವೇ? ಇಬ್ಬರ ಅಡುಗೆಗೆ ಮದುವೆಮನೆಯ ಹಂಡೆ ಒಲೆಗೇರಿಸಬೇಡ. ಇನ್ವರ್ಟರ್ ಯಂತ್ರವಾದರೆ ವೇಗ ತಗ್ಗಿಸಿಕೊಂಡು ಓಡುತ್ತದೆ ನಿಜ, ಆದರೆ ಅದಕ್ಕೂ ಒಂದು ಕನಿಷ್ಠ ವೇಗವಿದೆ. ಅಲ್ಲಿಂದ ಕೆಳಗೆ ಅದೂ ಹತ್ತಿ ನಿಲ್ಲುವುದೇ.

ಎತ್ತರದ ಊರಿನ ಇನ್ನೊಂದು ಸೂಕ್ಷ್ಮವೂ ಇದೆ. ಇಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಹತ್ತಿರಹತ್ತಿರ ಹತ್ತನೇ ಒಂದರಷ್ಟು ಕಡಿಮೆ. ಅದೇ ಫ್ಯಾನ್ ಅಷ್ಟೇ ಗಾಳಿ ತಳ್ಳಿದರೂ ಅದು ಹೊರುವ ಶಾಖ ಹತ್ತನೇ ಒಂದರಷ್ಟು ಕಡಿಮೆಯೇ. ಇದನ್ನು ಲೆಕ್ಕದಲ್ಲಿ ಹಿಡಿದಿದ್ದೀರಾ ಎಂದು ಕೇಳು. ಉತ್ತರ ಏನೇ ಬರಲಿ, ಕೇಳಿದಾಗ ಅವರ ಮುಖ ನೋಡು. ಯಾರಿಗೆ ಕೆಲಸ ಗೊತ್ತು ಎಂದು ನಿನಗೇ ತಿಳಿಯುತ್ತದೆ.

ಯಂತ್ರಕ್ಕಿಂತ ಮೊದಲು ನಿನ್ನ ವಾಸ್ತುಶಿಲ್ಪಿಯೊಂದಿಗೆ ಜಗಳವಾಡುವುದಿದೆ. ಮುಂಭಾಗ ಪೂರ್ತಿ ಗಾಜು ಹಾಕಿದ್ದಾನೆ, ಮುಂಭಾಗ ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಓರೆಬಿಸಿಲು ನೇರ ಒಳಗೆ ಬಂದು ಕೂರುತ್ತದೆ; ಓರೆಬಿಸಿಲನ್ನು ಅಡ್ಡ ಸಜ್ಜೆ ತಡೆಯುವುದಿಲ್ಲ, ಲಂಬ ಪಟ್ಟಿಗಳು ಬೇಕು. ಬೇಲೂರಿನ ಗುಡಿಯ ಚಾಚು ಸೂರು ಮತ್ತು ಕಲ್ಲಿನ ಜಾಲಂಧ್ರ ನೋಡಿದವರು ಈ ಊರಿನಲ್ಲಿ ಗಾಜಿನ ಪೆಟ್ಟಿಗೆ ಕಟ್ಟುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಉತ್ತರಕ್ಕೆ ಬಿಸಿಲೇ ಬೀಳುವುದಿಲ್ಲ ಎಂದೂ ಅವನು ಹೇಳಿದ್ದಾನಂತೆ. ದೆಹಲಿಯಲ್ಲಾದರೆ ಬಹುಮಟ್ಟಿಗೆ ಸರಿ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಉತ್ತರದ ಕಿಟಕಿಗೂ ಸಜ್ಜೆ ಇರಲಿ.

ಈಗ ಯಾವ ಬಗೆ ಎಂಬ ಪ್ರಶ್ನೆ. ನೀರಿನಿಂದ ತಣಿಸುವ ಚಿಲ್ಲರ್, ಅಂದರೆ ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಯಂತ್ರ, ಇಷ್ಟು ಸಣ್ಣ ಕಟ್ಟಡಕ್ಕೆ ಬೇಡವೇ ಬೇಡ. ಕೂಲಿಂಗ್ ಟವರ್, ಪಂಪು, ಗಡಸು ನೀರಿನ ಶುದ್ಧೀಕರಣ, ಅದಕ್ಕೊಬ್ಬ ಆಪರೇಟರ್. ಚರ್ಚೆ ಮುಗಿಯಿತು.

ವಿಆರ್‌ಎಫ್ ಅನ್ನು ಹಾಗೆ ತಳ್ಳಿಹಾಕಲಾರೆ. ಒಂದು ಹೊರಘಟಕ, ಅದರಿಂದ ಹಲವು ಒಳಘಟಕ, ಪ್ರತಿ ಕೋಣೆಗೂ ಬೇಕಾದ ತಾಪ. 1982ರಲ್ಲಿ ಜಪಾನಿನ ಡೈಕಿನ್ ಮೊದಲು ಮಾರುಕಟ್ಟೆಗೆ ತಂದ ಈ ವಿಧಾನ ಒಳ್ಳೆಯ ವಿದ್ಯೆ. ಒಬ್ಬನೇ ಮಾಲೀಕ ಒಬ್ಬನೇ ಬಳಕೆದಾರನಾಗಿರುವ ಹೋಟೆಲಿಗೆ, ಆಸ್ಪತ್ರೆಗೆ ನಾನೇ ಶಿಫಾರಸು ಮಾಡಿದ್ದೇನೆ. ಆದರೆ ನೀನು ಬಾಡಿಗೆಗೆ ಕೊಡುವವಳು. ಕೆಳಗೆ ಬಟ್ಟೆಯವರು, ಮೊದಲ ಮಹಡಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್, ಮೇಲೆ ಕೋಚಿಂಗ್, ಅದರ ಮೇಲೆ ಸಭಾಂಗಣ. ಒಂದು ಕೊಳವೆಜಾಲದಲ್ಲಿ ನಾಲ್ವರನ್ನು ಕಟ್ಟಿಹಾಕಿದರೆ ಯಾರ ಬಿಲ್ ಎಷ್ಟು ಎಂದು ತಿಂಗಳು ತಿಂಗಳೂ ನಿನ್ನ ಮನೆಬಾಗಿಲಿಗೆ ಪಂಚಾಯಿತಿ. ಕೊಳವೆಯಲ್ಲಿ ಹರಿಯುವ ತಣಿಸುವ ಅನಿಲ ಎಲ್ಲೋ ಒಂದು ಕಡೆ ಸೋರಿದರೆ ಆ ಜಾಲದಲ್ಲಿರುವ ಎಲ್ಲರಿಗೂ ಸೆಕೆ. ಕಂಟ್ರೋಲ್ ಬೋರ್ಡ್ ಕೆಟ್ಟರೆ ಆ ಕಂಪನಿಯ ತಂತ್ರಜ್ಞ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬರಬೇಕು, ಬೋರ್ಡು ಅವನ ಹಿಂದಿನಿಂದ ಇನ್ನೊಂದು ವಾರಕ್ಕೆ. ಸ್ಪ್ಲಿಟ್ ಯಂತ್ರವಾದರೆ ಹಾಸನದಲ್ಲೇ ಸಂಜೆಯೊಳಗೆ ಯಾರಾದರೂ ಬಂದು ಬಿಚ್ಚಿ ನೋಡುತ್ತಾರೆ. ಊರು ರಿಪೇರಿ ಮಾಡಬಲ್ಲದ್ದನ್ನು ಕೊಳ್ಳಬೇಕು ಎಂಬುದು ನನ್ನ ಹಳೆಯ ಹಟ.

ಹಾಗಾಗಿ ಮಹಡಿಗೊಂದು ಬಗೆ. ಅಂಗಡಿಗೆ ಡಕ್ಟ್ (ಗಾಳಿ ಹಂಚುವ ಕೊಳವೆ) ಇರುವ ಇನ್ವರ್ಟರ್ ಯಂತ್ರ ಎರಡು, ಒಂದೇ ದೊಡ್ಡದಲ್ಲ. ಒಂದು ಕೆಟ್ಟ ದಿನವೂ ವ್ಯಾಪಾರ ನಡೆಯಬೇಕು. ಕೋಚಿಂಗ್‌ಗೆ ಸೀಲಿಂಗಿನಲ್ಲಿ ಕೂರುವ ಕ್ಯಾಸೆಟ್ ಎಸಿ, ಜೊತೆಗೆ ಸೀಲಿಂಗ್ ಫ್ಯಾನ್ ತೆಗೆಯಬೇಡ. 26 ಡಿಗ್ರಿಗೆ ಇಟ್ಟು ಮೂವತ್ತು ವಾಟಿನ ಬಿಎಲ್‌ಡಿಸಿ ಫ್ಯಾನ್ ತಿರುಗಿಸಿದರೆ ಮಕ್ಕಳಿಗೆ ಧಾರಾಳ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋದವರು ಹೇಳುತ್ತಾರೆ. 2020ರ ಜನವರಿಯಿಂದ ನಕ್ಷತ್ರ ಗುರುತಿನ ಕೋಣೆ ಎಸಿಗಳೆಲ್ಲ 24 ಡಿಗ್ರಿಗೇ ಚಾಲೂ ಆಗಬೇಕೆಂಬ ನಿಯಮ ಬಂದದ್ದೂ ಅದಕ್ಕೇ. ಲ್ಯಾಬಿನವರ ಯಂತ್ರ ರಾತ್ರಿಯೂ ಓಡುತ್ತದೆ, ಅದು ಪೂರ್ತಿ ಪ್ರತ್ಯೇಕವಾಗಿರಲಿ, ಜನರೇಟರಿಗೂ ಸೇರಲಿ. ಸಭಾಂಗಣದ ಮೇಲಿನ ತಾರಸಿಗೆ ಶಾಖನಿರೋಧಕ ಪದರ ಮತ್ತು ಬಿಳಿ ಹೆಂಚು ಹಾಕಿಸದೆ ಎಸಿ ಮಾತೆತ್ತಬೇಡ. ತಿಂಗಳಿಗೆ ನಾಲ್ಕು ದಿನ ತುಂಬುವ ಜಾಗ ಅದು. ಸಂಜೆಯ ಕಾರ್ಯಕ್ರಮಕ್ಕೆ ಈ ಊರಿನಲ್ಲಿ ಎದುರುಬದುರು ಕಿಟಕಿ ಮತ್ತು ದೊಡ್ಡ ಎಕ್ಸಾಸ್ಟ್ ಫ್ಯಾನ್ ಎಷ್ಟೋ ಸಲ ಸಾಕು. ವೈರಿಂಗ್, ಕೊಳವೆಗೆ ದಾರಿ ಮಾತ್ರ ಬಿಟ್ಟಿರು, ಯಂತ್ರ ಮುಂದಿನ ವರ್ಷ ನೋಡೋಣ.

ತಾಜಾ ಗಾಳಿ ಎಂದೆನಲ್ಲ, ಅದು ಮೂರು ಕೊಟೇಶನ್‌ನಲ್ಲಿ ಒಂದರಲ್ಲೂ ಇಲ್ಲ. ಸ್ಪ್ಲಿಟ್ ಆಗಲಿ ಕ್ಯಾಸೆಟ್ ಆಗಲಿ ಕೋಣೆಯದೇ ಗಾಳಿಯನ್ನು ತಿರುಗಾಮುರುಗಾ ತಣಿಸುತ್ತದೆಯೇ ಹೊರತು ಹೊಸದನ್ನು ತರುವುದಿಲ್ಲ. ಮುಚ್ಚಿದ ತರಗತಿಯಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಮಕ್ಕಳು ತೂಕಡಿಸುವುದಕ್ಕೆ ಪಾಠವೊಂದೇ ಕಾರಣವಲ್ಲ, ಅವರೇ ಬಿಟ್ಟ ಇಂಗಾಲದ ಡೈಆಕ್ಸೈಡ್ ಕೂಡ. ತಲೆಗೆ ಸೆಕೆಂಡಿಗೆ ಏಳೆಂಟು ಲೀಟರ್ ಹೊರಗಾಳಿ ಒಳಬರುವಂತೆ ಫಿಲ್ಟರ್ ಇರುವ ಫ್ಯಾನ್ ಇಡಿಸು. ಬಿ.ಎಂ. ರಸ್ತೆಯ ಧೂಳು, ಹೊಗೆ ಬೇಡ; ಗಾಳಿ ಹಿಂಬದಿಯಿಂದ ಬರಲಿ, ಹೋಟೆಲಿನ ಚಿಮಣಿ ಇರುವ ಮೂಲೆ ಬಿಟ್ಟು.

ದುಡ್ಡಿನ ವಿಷಯ. ಒಂದು ಟನ್‌ಗೆ ಸರಿಸುಮಾರು ಒಂದು ಕಿಲೋವಾಟ್ ವಿದ್ಯುತ್. ಎಂಬತ್ತು ಟನ್ ಹಾಕಿದರೆ ನಿನಗೆ ಬೇಡದ ನಲವತ್ತು ಕಿಲೋವಾಟ್‌ಗೂ ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಮಂಜೂರಾತಿ ಪಡೆಯಬೇಕು. ವಾಣಿಜ್ಯ ಸಂಪರ್ಕಕ್ಕೆ ಮಂಜೂರಾದ ಪ್ರತಿ ಕಿಲೋವಾಟ್ ಮೇಲೂ ನಿಗದಿತ ಶುಲ್ಕ ಇರುತ್ತದೆ. ಯಂತ್ರ ಓಡಲಿ ಬಿಡಲಿ, ಡಿಸೆಂಬರ್ ಚಳಿಯಲ್ಲೂ ತೆರಬೇಕು. ಕೇಬಲ್ಲು, ಪ್ಯಾನೆಲ್ಲು, ಜನರೇಟರ್ ಎಲ್ಲವೂ ಆ ಸುಳ್ಳು ಟನ್ನಿಗೆ ತಕ್ಕಂತೆ ದಪ್ಪವಾಗುತ್ತವೆ. ಮಾರುವವನ ರಿಯಾಯಿತಿ ಇದರ ಮುಂದೆ ಏನೂ ಅಲ್ಲ. ಪ್ರತಿ ಬಾಡಿಗೆದಾರನಿಗೂ ಬೇರೆ ಮೀಟರ್, ಅವನವನ ಎಸಿ ಅವನವನ ಮೀಟರಿಗೆ.

ಇನ್ನು ಕೆಲಸದ ದಿನ ನೀನೇ ನಿಂತು ನೋಡಬೇಕಾದದ್ದು. ತಾಮ್ರದ ಕೊಳವೆಗಳನ್ನು ಬೆಸೆಯುವಾಗ ಒಳಗೆ ನಿಧಾನವಾಗಿ ನೈಟ್ರೋಜನ್ ಹಾಯುತ್ತಿರಬೇಕು. ಇಲ್ಲದಿದ್ದರೆ ಬೆಂಕಿಯ ಕಾವಿಗೆ ಒಳಗೋಡೆಯ ತಾಮ್ರ ಗಾಳಿಯೊಂದಿಗೆ ಸೇರಿ ಕರಿ ಹೊಪ್ಪಳೆ ಕಟ್ಟುತ್ತದೆ. ಮುಂದೆ ಅದು ಉದುರಿ, ಅನಿಲವನ್ನು ಹದವಾಗಿ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ರಂಧ್ರದಲ್ಲಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಬೆಸುಗೆ ಒಂದೇ ಥರ. ಮೊದಲ ದಿನವೇ ನಿನ್ನ ಇಷ್ಟದ ಒಂದು ಬೆಸುಗೆಯನ್ನು ತೋರಿಸಿ, ಇದನ್ನು ಕತ್ತರಿಸಿ ಉದ್ದಕ್ಕೆ ಸೀಳಿ ಎಂದು ಹೇಳು. ಒಳಗೆ ಹೊಸ ತಾಮ್ರದ ಕೆಂಪು ಹೊಳಪಿದ್ದರೆ ಚಹಾ ತರಿಸಿಕೊಡು. ಮಸಿ ಹಿಡಿದಂತಿದ್ದರೆ ಅಲ್ಲಿಯವರೆಗಿನ ಬೆಸುಗೆಯೆಲ್ಲ ಬಿಚ್ಚಿಸು. ಗೊಣಗುತ್ತಾರೆ, ಗೊಣಗಲಿ, ಅವತ್ತಿನಿಂದ ನೈಟ್ರೋಜನ್ ಸಿಲಿಂಡರ್ ಮರೆಯುವುದಿಲ್ಲ. ಮುಗಿದ ಮೇಲೆ ಕೊಳವೆಗಳಿಗೆ ಒತ್ತಡದಲ್ಲಿ ನೈಟ್ರೋಜನ್ ತುಂಬಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಒತ್ತಡದ ಮೀಟರನ್ನು ಮರುದಿನ ಅದೇ ಹೊತ್ತಿಗೆ ನೋಡು, ಏಕೆಂದರೆ ಬೆಳಗಿನ ಚಳಿಗೆ ಮುಳ್ಳು ತುಸು ಇಳಿಯುವುದು ಸಹಜ. ಆಮೇಲೆ ಪಂಪಿನಿಂದ ಒಳಗಿನದನ್ನೆಲ್ಲ ಹೀರಿ ನಿರ್ವಾತ ಮಾಡಬೇಕು; ಒಳಗೆ ಉಳಿದ ಒತ್ತಡ ಅಳೆಯುವ ಮಾಪಕದಲ್ಲಿ ಅದು 500 ಮೈಕ್ರಾನ್‌ಗೆ ಇಳಿದು ಅಲ್ಲೇ ನಿಲ್ಲಬೇಕು.

ಡ್ರೈನ್ ಪೈಪ್ ಅಗ್ಗದ ವಸ್ತು, ಆದ್ದರಿಂದ ಅದನ್ನು ಯಾರೂ ಗಮನಿಸುವುದಿಲ್ಲ. ನಾನು ಕಂಡ ದೂರುಗಳಲ್ಲಿ ಅರ್ಧಕ್ಕರ್ಧ ಅದರದ್ದೇ. ಮಳೆಗಾಲದಲ್ಲಿ ಕ್ಯಾಸೆಟ್ ಹಿಂಡಿದ ನೀರು ಜಿಪ್ಸಂ ಸೀಲಿಂಗ್ ಮೇಲೆ ನಿಂತು, ಹಳದಿ ಕಲೆಯಾಗಿ, ಒಂದು ದಿನ ಗಿರಾಕಿಯ ತಲೆಮೇಲೆ ತೊಟ್ಟಿಕ್ಕುತ್ತದೆ. ನೂರಕ್ಕೆ ಒಂದರಷ್ಟಾದರೂ ಇಳಿಜಾರು ಬೇಕು. ಸೀಲಿಂಗ್ ಮುಚ್ಚುವ ಮೊದಲು ಪ್ರತಿ ಕ್ಯಾಸೆಟ್‌ಗೂ ಒಂದು ಚೊಂಬು ನೀರು ಹೊಯ್ಯಿಸಿ, ಕೆಳಗೆ ಹೊರಬೀಳುವುದನ್ನು ಕಣ್ಣಾರೆ ನೋಡು.

ಯಂತ್ರದೊಳಗಿನ ತಣಿಸುವ ಅನಿಲ ಆರ್-32 ಇದ್ದರೆ ಒಳ್ಳೆಯದು. ಭೂಮಿ ಬಿಸಿಮಾಡುವ ಸಾಮರ್ಥ್ಯದಲ್ಲಿ ಇಂಗಾಲದ ಡೈಆಕ್ಸೈಡ್ ಅನ್ನು 1 ಎಂದು ಹಿಡಿದರೆ, ಆರ್-410ಎ ಎಂಬ ಇನ್ನೊಂದು ಅನಿಲ 2088, ಇದು 675. ಅಲ್ಪಸ್ವಲ್ಪ ಉರಿಯುವ ಗುಣವಿದೆ, ಕೆಲಸದವರಿಗೆ ತರಬೇತಿ ಇರಲಿ. ನಿನ್ನ ಮಾವ ಹೇಳಿದ ಸೆಕೆಂಡ್‌ಹ್ಯಾಂಡ್ ಆರ್-22 ಯಂತ್ರ ಪುಕ್ಕಟೆ ಸಿಕ್ಕರೂ ಬೇಡ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತು ಕೈಬಿಡುತ್ತಿರುವ ಅನಿಲ ಅದು. ಮುಂದೆ ಯಾವತ್ತಾದರೂ ಮೆಕ್ಯಾನಿಕ್ ಬಂದು ‘ಗ್ಯಾಸ್ ಖಾಲಿಯಾಗಿದೆ, ವರ್ಷಕ್ಕೊಮ್ಮೆ ತುಂಬಿಸಬೇಕು’ ಎಂದರೆ ಅವನನ್ನು ಬಾಗಿಲಿನಿಂದಲೇ ಕಳುಹಿಸು. ಅನಿಲ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಸೋರಿದೆ. ಸೋರಿಕೆ ಹುಡುಕದೆ ತುಂಬಿಸುವುದು ಅವನಿಗೆ ವರ್ಷಾಶನ.

ಒಂದು ಆತುರದ ಕೆಲಸ ಉಳಿದಿದೆ. ಎರಡನೇ ಮಹಡಿಯ ಸ್ಲ್ಯಾಬ್‌ಗೆ ಕಬ್ಬಿಣ ಕಟ್ಟುತ್ತಿದ್ದಾರೆ ಎಂದು ಬರೆದಿದ್ದೀಯ. ಕೊಳವೆ, ಡ್ರೈನ್, ತಾಜಾ ಗಾಳಿಯ ಡಕ್ಟ್ ಹಾಯಲು ತೊಲೆಗಳಲ್ಲಿ ರಂಧ್ರ ಬೇಕು. ಅದನ್ನು ಈಗಲೇ ಪೈಪ್ ತುಂಡು ಇಟ್ಟು ಬಿಡಿಸಬೇಕು. ಎಲ್ಲಿ ಬಿಡಬಹುದು ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಗುರುತು ಹಾಕಿಕೊಡಲಿ, ಮೇಸ್ತ್ರಿ ಅಲ್ಲ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೊರೆದರೆ ತೊಲೆಯ ಕಬ್ಬಿಣವೇ ತುಂಡಾಗುತ್ತದೆ. ಕಾಂಕ್ರೀಟ್ ಹಾಕುವ ದಿನ ಗೊತ್ತಾದ ಕೂಡಲೇ ಒಂದು ಮಾತು ತಿಳಿಸು. ಹಿಂದಿನ ದಿನ ಬೇಲೂರು ಮೇಲಿನ ಬಸ್ಸಿಗೆ ಬಂದು ನಕ್ಷೆ ಹಿಡಿದು ಒಂದು ಸುತ್ತು ಹಾಕುತ್ತೇನೆ. ಅಮ್ಮನಿಗೆ ಊಟಕ್ಕೆ ಹೇಳಿರು.

ಇಂತಿ,
ನಿನ್ನ ದೊಡ್ಡಪ್ಪ