ಸಾರ್ಕ್ ಸೋತದ್ದು ಎಲ್ಲಿ?

ಮಾನ್ಯ ಸಂಪಾದಕರೇ,

ದಕ್ಷಿಣ ಏಷ್ಯಾದ ಎಂಟು ದೇಶಗಳ ಸಹಕಾರ ಒಕ್ಕೂಟವಾದ ಸಾರ್ಕ್‌ನ ಮಾತು ಬಂದಾಗಲೆಲ್ಲ ದಕ್ಷಿಣ ಏಷ್ಯಾದ ಜನರಲ್ಲೇ ಒಗ್ಗಟ್ಟಿಲ್ಲ ಎಂಬ ತೀರ್ಪು ಕೇಳಿಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಪ್ರದೇಶದವರೆಲ್ಲ ತಮ್ಮನ್ನು ಒಂದೆಂದು ಭಾವಿಸುವುದು ಬಹುಮಟ್ಟಿಗೆ ಅಲ್ಲಿನ ಆಳುವವರು ಅಪಾಯವನ್ನು ಎಲ್ಲಿ ಕಾಣುತ್ತಾರೆ ಎಂಬುದರ ಮೇಲೆ ನಿಂತಿದೆ.

ಆಗ್ನೇಯ ಏಷ್ಯಾದ ದೇಶಗಳ ಒಕ್ಕೂಟವಾದ ಆಸಿಯಾನ್ ಹುಟ್ಟನ್ನೇ ನೋಡಿ. 1963ರಿಂದ 1966ರವರೆಗೆ ಇಂಡೊನೇಷ್ಯಾ ಮಲೇಷ್ಯಾದ ವಿರುದ್ಧ ಸಶಸ್ತ್ರ ಸಂಘರ್ಷ ನಡೆಸಿತ್ತು. 1965ರಲ್ಲಷ್ಟೇ ಸಿಂಗಪುರ ಮಲೇಷ್ಯಾದಿಂದ ಬೇರ್ಪಟ್ಟಿತ್ತು. ಸಬಾ ಪ್ರಾಂತ್ಯ ತನ್ನದೆಂದು ಫಿಲಿಪ್ಪೀನ್ಸ್ ಹಟ ಹಿಡಿದಿತ್ತು. ಹೀಗಿದ್ದೂ ಥಾಯ್ಲೆಂಡಿನ ವಿದೇಶಾಂಗ ಸಚಿವ ಥನಾತ್ ಖೋಮಾನ್ ಉಳಿದವರನ್ನು ಬಾಂಗ್ ಸೇನ್ ಎಂಬ ಕಡಲತೀರದ ಊರಿಗೆ ಕರೆಸಿಕೊಂಡು, ಶಿಷ್ಟಾಚಾರ ಬದಿಗಿಟ್ಟು ಮಾತುಕತೆ ನಡೆಸಿದರು. 1967ರ ಆಗಸ್ಟ್ 8ರಂದು ಐದೂ ದೇಶಗಳು ಆಸಿಯಾನ್ ಸ್ಥಾಪಿಸುವ ಬ್ಯಾಂಕಾಕ್ ಘೋಷಣೆಗೆ ಸಹಿ ಹಾಕಿದವು. ಪಕ್ಕದಲ್ಲೇ ವಿಯೆಟ್ನಾಂ ಯುದ್ಧ ಉರಿಯುತ್ತಿರಲು, ಕಮ್ಯುನಿಸಂನ ವಿಸ್ತರಣೆ ಮತ್ತು ಮಹಾಶಕ್ತಿಗಳ ಹಸ್ತಕ್ಷೇಪದ ಮುಂದೆ ತಮ್ಮ ಜಗಳಗಳು ಚಿಕ್ಕವೆಂದು ಆ ನಾಯಕರಿಗೆ ತೋರಿತು. ತಾವೆಲ್ಲ ಆಗ್ನೇಯ ಏಷ್ಯಾದವರು ಎಂಬ ಗುರುತು ಬೆಳೆದದ್ದು ಆಮೇಲೆ. ಅದೇ ಕಮ್ಯುನಿಸ್ಟ್ ವಿಯೆಟ್ನಾಂ 1995ರಲ್ಲಿ ಆ ಕೂಟದ ಸದಸ್ಯನೂ ಆಯಿತು.

ನಮ್ಮಲ್ಲಿ ಆದದ್ದು ತದ್ವಿರುದ್ಧ. ಬಾಂಗ್ಲಾದೇಶದ ಅಧ್ಯಕ್ಷ ಜಿಯಾವುರ್ ರಹಮಾನ್ 1980ರಲ್ಲಿ ಪ್ರಾದೇಶಿಕ ಸಹಕಾರದ ಪ್ರಸ್ತಾಪ ಮುಂದಿಟ್ಟಾಗ, ಸಣ್ಣ ನೆರೆದೇಶಗಳೆಲ್ಲ ತನ್ನ ವಿರುದ್ಧ ಒಂದಾಗಬಹುದೆಂದು ದೆಹಲಿ ಶಂಕಿಸಿತು. ಇದು ಭಾರತದ ಯಜಮಾನಿಕೆಗೆ ದಾರಿಯೆಂದು ಇಸ್ಲಾಮಾಬಾದ್ ಶಂಕಿಸಿತು. ಹೊರಗಿನವರ ಭಯಕ್ಕಿಂತ ಪರಸ್ಪರರ ಭಯವೇ ದೊಡ್ಡದಾಗಿದ್ದರಿಂದ, ಸಾರ್ಕ್ ಹುಟ್ಟುಹಾಕಿದ 1985ರ ಸನ್ನದು ದ್ವಿಪಕ್ಷೀಯ ಹಾಗೂ ವಿವಾದಾತ್ಮಕ ವಿಷಯಗಳನ್ನು ಚರ್ಚೆಯಿಂದಲೇ ಹೊರಗಿಟ್ಟು, ಪ್ರತಿ ತೀರ್ಮಾನಕ್ಕೂ ಸರ್ವಾನುಮತವನ್ನು ಕಡ್ಡಾಯ ಮಾಡಿತು. ಕಠ್ಮಂಡುವಿನಲ್ಲಿ ಸಾರ್ಕ್ ಸಚಿವಾಲಯ ತೆರೆಯುವ ಒಪ್ಪಂದವಾದದ್ದು ನಮ್ಮ ಬೆಂಗಳೂರಿನಲ್ಲೇ, 1986ರ ನವೆಂಬರ್ ಶೃಂಗಸಭೆಯ ವೇಳೆ. 2014ರ ಬಳಿಕ ಶೃಂಗಸಭೆಯೇ ನಡೆದಿಲ್ಲ.

ಕಾಶ್ಮೀರದ ಉರಿ ಸೇನಾ ನೆಲೆಯ ಮೇಲಿನ ಉಗ್ರರ ದಾಳಿಯ ನಂತರ, 2016ರಲ್ಲಿ, ಇಸ್ಲಾಮಾಬಾದ್ ಸಾರ್ಕ್ ಶೃಂಗಸಭೆಗೆ ಹೋಗದಿರಲು ಭಾರತಕ್ಕೆ ಬಲವಾದ ಕಾರಣವಿತ್ತು. ಭಯೋತ್ಪಾದನೆ ಯಾರೋ ಕಲ್ಪಿಸಿಕೊಂಡ ಅಪಾಯವಲ್ಲ. ಆದರೆ ಎರಡು ದೇಶಗಳ ವೈರವೊಂದೇ ಎಂಟು ದೇಶಗಳ ಕಾರ್ಯಸೂಚಿಯನ್ನು ನಿರ್ಧರಿಸುವುದು ನ್ಯಾಯವಲ್ಲ. ಮಾಲ್ಡೀವ್ಸ್‌ಗೆ ಏರುತ್ತಿರುವ ಸಮುದ್ರಮಟ್ಟವೇ ಅಳಿವು ಉಳಿವಿನ ಪ್ರಶ್ನೆ. ಹಿಮಾಲಯದ ಹಿಮನದಿಗಳು ಕರಗುವುದನ್ನು ನೇಪಾಳ, ಭೂತಾನ್, ಭಾರತ, ಪಾಕಿಸ್ತಾನಗಳು ಒಟ್ಟಿಗೇ ಎದುರಿಸಬೇಕಿದೆ. ಇವನ್ನು ಎಲ್ಲರಿಗೂ ಸಮಾನವಾದ ಅಪಾಯವೆಂದು ಕಾಣುವ ನಾಯಕತ್ವ ಈಗ ಬೇಕು.

ಶೃಂಗಸಭೆ ತಡವಾದರೆ ತಡವಾಗಲಿ. ಸಾರ್ಕ್ ದೇಶಗಳು ಸೇರಿ ಸ್ಥಾಪಿಸಿದ ದೆಹಲಿಯ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯಕ್ಕೆ ಬರಬಯಸುವ ನೆರೆದೇಶಗಳ ವಿದ್ಯಾರ್ಥಿಗಳ ವೀಸಾವನ್ನಾದರೂ ರಾಜಕೀಯ ಮುನಿಸಿನಿಂದ ಬೇರೆ ಇಡಬೇಕೆಂದು ಕೇಂದ್ರ ಸರ್ಕಾರವನ್ನು ಒತ್ತಾಯಿಸುತ್ತೇನೆ.

– ಓದುಗ, ಮೈಸೂರು