ಚಿ. ಸುಮಾಗೆ, ಅಮೆರಿಕದ ಸನ್ನಿವೇಲ್‌ನಿಂದ ಮಾವ

ಚಿ. ಸುಮಾಗೆ ಮಾವನ ಆಶೀರ್ವಾದಗಳು.

ಮನೆ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು, ಅದು ಬಿಡು. ಪತ್ರದ ಕೊನೆಯಲ್ಲಿ ಕೇಳಿದ್ದೀಯಲ್ಲ, “ಚಿಪ್ ಡಿಸೈನ್ ಕೆಲಸವನ್ನೆಲ್ಲ ನಾಳೆ ಎಐ ಮಾಡಿಬಿಟ್ಟರೆ ನಾನು ಕಲಿತದ್ದನ್ನು ಏನು ಮಾಡಲಿ ಮಾವ?” ಎಂದು. ಅದನ್ನು ಓದಿದ ಮೇಲೆ ನಿದ್ದೆ ಸರಿಯಾಗಿ ಬಂದಿಲ್ಲ.

ಹಾಗೇನೂ ಆಗಲ್ಲ ಎಂದು ಬರೆಯೋಣ ಅಂತ ಕೂತೆ. ಕೈ ಓಡಲಿಲ್ಲ. ನನಗೆ ಹಾಗೇ ಆಗಿತ್ತಲ್ಲ.

ನಾನು ಇಲ್ಲಿ ಕೆಲಸಕ್ಕೆ ಸೇರಿದಾಗ ಚಿಪ್‌ನ ನಕ್ಷೆಯನ್ನು ಕೈಯಲ್ಲೇ ಬರೆಯುತ್ತಿದ್ದೆವು, ನೂರಾರು ಪಟ್ಟು ದೊಡ್ಡದಾಗಿ. ಆಮೇಲೆ ರೂಬಿಲಿತ್ ಅಂತ ಒಂದು ಹಾಳೆ. ತೆಳು ಪ್ಲಾಸ್ಟಿಕ್ ಮೇಲೆ ಕೆಂಪು ಪೊರೆ. ಆ ಪೊರೆಯನ್ನು ಸಣ್ಣ ಚಾಕುವಿನಿಂದ ಕೊಯ್ದು, ಚಿಮುಟದಲ್ಲಿ ಹಿಡಿದು ನಿಧಾನಕ್ಕೆ ಎಬ್ಬಿಸಬೇಕು. ಬೇಡದ ಕಡೆ ಒಂದು ಚೂರು ಉಳಿದರೂ ಚಿಪ್ ಕೆಟ್ಟಂತೆ. ಕೆಳಗಿನಿಂದ ದೀಪ ಹಾಕಿದ ಮೇಜಿನ ಮೇಲೆ ಹಾಸಿ, ಒಂದೊಂದು ಗೆರೆಯನ್ನೂ ನೋಡುತ್ತಿದ್ದೆವು. 1971ರಲ್ಲಿ ಇಂಟೆಲ್ ಕಂಪನಿ ತಂದ 4004 ಚಿಪ್‌ನಲ್ಲಿ ಇದ್ದದ್ದು 2300 ಟ್ರಾನ್ಸಿಸ್ಟರ್, ಅಂದರೆ ಪುಟ್ಟ ಪುಟ್ಟ ವಿದ್ಯುತ್ ಸ್ವಿಚ್. ಅದರ ಡಿಸೈನ್ ಮಾಡಿದ ಫೆಡೆರಿಕೊ ಫಜ್ಜಿನ್ ಅದರ ಮೂಲೆಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನೂ ಸೇರಿಸಿದ್ದ. ಸೇರಿಸದೆ ಇರೋಕಾಗುತ್ತಾ? 1978ರಲ್ಲಿ ಇಂಟೆಲ್‌ನದೇ 8086 ಚಿಪ್ ಬರುವಷ್ಟರಲ್ಲಿ ಟ್ರಾನ್ಸಿಸ್ಟರ್ 29,000 ಆಗಿತ್ತು, ಕೈಯಲ್ಲಿ ಮಾಡಿ ಮುಗಿಯುವ ಲೆಕ್ಕವಲ್ಲ. ಚಾಕು ಹಿಡಿದವರ ಕೆಲಸ ಕಂಪ್ಯೂಟರಿಗೆ ಹೋಯಿತು.

ನಮ್ಮಲ್ಲಿ ಒಬ್ಬಾಕೆ ಇದ್ದರು, ಪೊರೆ ಕೊಯ್ಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರು ಟೇಬಲ್ ಖಾಲಿ ಮಾಡಿದ ದಿನ ನಾನು ಮೀಟಿಂಗಿನಲ್ಲಿದ್ದೆ. ಎದ್ದು ಹೋಗಿ ಒಂದು ಮಾತಾಡಿಸಬಹುದಿತ್ತು. ಈಗಲೂ ಚುಚ್ಚುತ್ತದೆ.

ಎಲ್ಲಿಗೋ ಹೋದೆ. ನಿನ್ನ ಭಯದ ವಿಷಯ ಅಲ್ವಾ. 1981ರಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಚಿಪ್ ಆರಿಸಿಕೊಂಡಿತು. ನಾವು ಮಾಡುತ್ತಿದ್ದ 16 ಬಿಟ್ ಚಿಪ್ ಕೇಳುವವರೇ ಇಲ್ಲವಾದರು. ನಮ್ಮ ಚಿಪ್‌ನ ಇನ್‌ಸ್ಟ್ರಕ್ಷನ್ ಸೆಟ್, ಅಂದರೆ ಅದಕ್ಕೆ ಅರ್ಥವಾಗುವ ಆದೇಶಗಳ ಪಟ್ಟಿ, ನನಗೆ ಇವತ್ತಿಗೂ ಬಾಯಿಪಾಠ. ಯಾರಿಗೆ ಬೇಕು ಹೇಳು! ಆದರೆ 1976ರ ಝೈಲಾಗ್ ಝೆಡ್80, ಅದೂ ನಮ್ಮದಕ್ಕಿಂತ ಹಳೆಯ ಬಗೆಯ 8 ಬಿಟ್‌ನ ಚಿಪ್, ಅದರ ಬಿಡಿ ಚಿಪ್‌ಗೆ ಆರ್ಡರ್ ನಿಲ್ಲಿಸಿದ್ದು 2024ರಲ್ಲಿ. ಯಾವುದು ಉಳಿಯುತ್ತೆ ಎಂದು ಅವತ್ತು ನನ್ನನ್ನು ಕೇಳಿದ್ದರೆ ಪೂರ್ತಿ ಉಲ್ಟಾ ಹೇಳುತ್ತಿದ್ದೆ. ಅದಕ್ಕೇ ಎಐ ಬಗ್ಗೆ ಭವಿಷ್ಯ ಹೇಳಲು ಬಾಯಿ ಬರುತ್ತಿಲ್ಲ.

ಕಲಿತದ್ದೆಲ್ಲ ಹೋಗುತ್ತಾ ಎಂದರೆ, ಜಾಸ್ತಿ ಹೋಗುತ್ತೆ ಕಣೆ. ಆ ದೀಪದ ಮೇಜಿನ ಮೇಲೆ ಪಳಗಿದ ಕಣ್ಣು ಮಾತ್ರ ಕಂಪ್ಯೂಟರ್ ಬರೆದ ನಕ್ಷೆಯಲ್ಲೂ ತಪ್ಪು ಹಿಡಿಯುತ್ತಿತ್ತು. ನನ್ನನ್ನು ಉಳಿಸಿಕೊಂಡದ್ದು ಅದಕ್ಕೋ, ಸುಮ್ನೆ ಅದೃಷ್ಟವೋ. ಅದಕ್ಕೇ, ಚಿಪ್ ಪರೀಕ್ಷಿಸುವ ಟೂಲ್ ಪಾಸ್ ಅಂದರೂ ಒಮ್ಮೆ ವೇವ್‌ಫಾರ್ಮ್, ಅಂದರೆ ಸಿಗ್ನಲ್ ಏರಿಳಿತದ ಗೆರೆಚಿತ್ರ, ತೆಗೆದು ನೀನೇ ನೋಡು. ನಿನಗೆ ಇದನ್ನು ಹೇಳುವುದು ಅಧಿಕಪ್ರಸಂಗವೇನೋ.

ಇನ್ನೊಂದು, ಫ್ಲಾಟ್ ಸಾಲ ಈ ವರ್ಷ ಬೇಡ. ಇಎಂಐ ಇದ್ದರೆ ಈ ಭಯ ಎರಡು ಪಟ್ಟಾಗುತ್ತದೆ. ನಿಮ್ಮಪ್ಪನ ಮುಂದೆ ಇದನ್ನು ಓದಬೇಡ, ನನ್ನ ಮೇಲೆ ಸಿಟ್ಟಾಗುತ್ತಾರೆ. ರಾತ್ರಿ ಆ ಯೋಚನೆ ಬಂದರೆ ಫೋನ್ ಮಾಡು, ಇಲ್ಲಿ ಹಗಲಿರುತ್ತದೆ.

ನಿನ್ನ ಮಾವ